ಆಸ್ಟ್ರೇಲಿಯಾದ ಕಿರುತೆರೆ: ಅಳಿದುಳಿದ ಚಿತ್ರಗಳ ಚರಿತ್ರೆ

ಆಸ್ಟ್ರೇಲಿಯಾದ ಟೆಲಿವಿಷನ್ ಪ್ರಸಾರದ ಆರಂಭದ ವರ್ಷಗಳನ್ನು ಅರಿಯಬಯಸುವ ನೋಡುಗರಿಗೆ ಎದುರಾಗುವ ಮೊದಲ ತೊಡಕೆಂದರೆ, ಅಂದು ತೆರೆಯ ಮೇಲೆ ಮೂಡಿದ್ದರಲ್ಲಿ ಬಹುಪಾಲು ಇಂದು ಎಲ್ಲಿಯೂ ಉಳಿದಿಲ್ಲ. 1956ರ ಸೆಪ್ಟೆಂಬರ್ 16ರಂದು ಸಿಡ್ನಿಯ ಟಿಸಿಎನ್-9 ಕೇಂದ್ರದಲ್ಲಿ ಬ್ರೂಸ್ ಜಿಂಜೆಲ್ ಅವರು ನಾಡಿನ ಜನರನ್ನು ಟೆಲಿವಿಷನ್ನಿಗೆ ಸ್ವಾಗತಿಸಿದ ದೃಶ್ಯವನ್ನು ಅಲ್ಲಿನ ತಲೆಮಾರುಗಳು ಮತ್ತೆ ಮತ್ತೆ ನೋಡಿವೆಯಾದರೂ, ಈಗ ಕಾಣಸಿಗುವ ತುಣುಕು ಆ ರಾತ್ರಿಯ ನೇರಪ್ರಸಾರದ್ದಲ್ಲ. ಮೂಲ ದಾಖಲೆ ಉಳಿಯದ ಕಾರಣ ಅದೇ ಸ್ವಾಗತವನ್ನು ಅನಂತರ ಮತ್ತೊಮ್ಮೆ ನಡೆಸಿ ಚಿತ್ರೀಕರಿಸಲಾಯಿತು. ಒಂದು ಮಾಧ್ಯಮದ ಜನ್ಮದಾಖಲೆಯೇ ಮರುಸೃಷ್ಟಿಯಾಗಿರುವಾಗ, ಉಳಿದ ಕಾರ್ಯಕ್ರಮಗಳ ಪಾಡೇನಾಯಿತೆಂಬ ಕುತೂಹಲ ಸಹಜವಾದದ್ದು.

ನಿಯಮಿತ ಪ್ರಸಾರಕ್ಕೂ ಮುನ್ನ ಪ್ರಯೋಗಗಳು ನಡೆದಿದ್ದವು. 1934ರಲ್ಲಿಯೇ ಬ್ರಿಸ್ಬೇನ್ ನಗರದ ಹಳೆಯ ಗಾಳಿಗಿರಣಿಯ ಗೋಪುರದಿಂದ ಥಾಮಸ್ ಎಲಿಯಟ್ ಮತ್ತು ವ್ಯಾಲ್ ಮೆಕ್‌ಡೊವಾಲ್ ಅವರು ಕೇವಲ 30 ಗೆರೆಗಳ ಮಸುಕು ಚಿತ್ರಗಳನ್ನು ಬಿತ್ತರಿಸಿದ್ದರು. ಯುದ್ಧಾನಂತರ, 1953ರ ಕಾಯ್ದೆಯು ಸಾರ್ವಜನಿಕ ಸಂಸ್ಥೆಯಾದ ಎಬಿಸಿಯ ಜೊತೆಗೆ ಖಾಸಗಿ ಕೇಂದ್ರಗಳಿಗೂ ಅವಕಾಶ ಕಲ್ಪಿಸಿತು. 1956ರ ನವೆಂಬರಿನಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್ ಆರಂಭವಾಗುವ ವೇಳೆಗೆ ಎರಡು ಮಹಾನಗರಗಳಲ್ಲಿ ಪ್ರಸಾರ ಶುರುವಾಗಿತ್ತು. ಸ್ವಂತ ಟಿವಿ ಇಲ್ಲದವರು ಅಂಗಡಿಗಳ ಗಾಜಿನ ಮುಂದೆ ಗುಂಪುಗೂಡಿ ಕ್ರೀಡೆಗಳನ್ನು ನೋಡಿದರು. ಕೇಂದ್ರಗಳ ಹೆಸರಿನಲ್ಲಿರುವ ಅಕ್ಷರಗಳಿಗೂ ಒಂದು ಕ್ರಮವಿತ್ತು. ಮೊದಲೆರಡು ಅಕ್ಷರಗಳು ಸಾಮಾನ್ಯವಾಗಿ ಒಡೆತನವನ್ನೂ ಮೂರನೆಯದು ರಾಜ್ಯವನ್ನೂ ಸೂಚಿಸುತ್ತಿದ್ದುದರಿಂದ, ಎಬಿಎನ್ ಎಂದರೆ ನ್ಯೂ ಸೌತ್ ವೇಲ್ಸ್‌ನ ಎಬಿಸಿ ಕೇಂದ್ರ, ಎಬಿವಿ ಎಂದರೆ ವಿಕ್ಟೋರಿಯಾದ್ದು ಎಂದು ತಿಳಿಯಬಹುದಾಗಿತ್ತು.

ಈ ರಾಜ್ಯಸೂಚಕ ಅಕ್ಷರದ ಹಿಂದೆ ಒಂದು ಭೌಗೋಳಿಕ ವಾಸ್ತವವಿದೆ. ಆರಂಭದ ಕೇಂದ್ರಗಳು ರಾಷ್ಟ್ರವ್ಯಾಪಿ ವಾಹಿನಿಗಳಾಗಿರದೆ ಒಂದೊಂದು ನಗರಕ್ಕೆ ಸೀಮಿತವಾಗಿದ್ದವು, ಮತ್ತು ಸಿಡ್ನಿ–ಮೆಲ್ಬರ್ನ್ ನಡುವೆ 700 ಕಿಲೋಮೀಟರಿಗೂ ಮಿಕ್ಕ ಅಂತರವಿದ್ದು, ಎರಡನ್ನೂ ಕ್ಯಾನ್‌ಬೆರಾ ಮೂಲಕ ಜೋಡಿಸಿದ ಕೋಆಕ್ಸಿಯಲ್ ಕೇಬಲ್ ಬಳಕೆಗೆ ಬಂದದ್ದು 1962ರಲ್ಲಿ. ಅಲ್ಲಿಯವರೆಗೆ ಮೆಲ್ಬರ್ನಿನ ನೇರಪ್ರಸಾರವನ್ನು ಸಿಡ್ನಿಯವರಿಗೆ ತೋರಿಸಬೇಕಾದರೆ ಇದ್ದ ಮುಖ್ಯ ಉಪಾಯವೆಂದರೆ ಕೈನೆಸ್ಕೋಪ್, ಅಂದರೆ ಟಿವಿ ಪರದೆಯ ಎದುರು ಸಿನಿಮಾ ಕ್ಯಾಮೆರಾ ಇಟ್ಟು, ಅದರ ಮೇಲೆ ಮೂಡುವ ಚಿತ್ರವನ್ನು ಹಾಗೆಯೇ ಫಿಲ್ಮಿಗೆ ಇಳಿಸಿಕೊಳ್ಳುವ ವಿಧಾನ. ಹೀಗೆ ತಯಾರಾದ ಫಿಲ್ಮ್ ಡಬ್ಬಿಗಳು ಒಂದು ನಗರದಿಂದ ಮತ್ತೊಂದಕ್ಕೆ ಸಾಗುತ್ತಿದ್ದವು. ಗ್ರಹಾಂ ಕೆನಡಿ ಅವರನ್ನು ಮನೆಮಾತಾಗಿಸಿದ, 1957ರಲ್ಲಿ ಜಿಟಿವಿ-9ರಲ್ಲಿ ಶುರುವಾದ ‘ಇನ್ ಮೆಲ್ಬರ್ನ್ ಟುನೈಟ್’ ಕಾರ್ಯಕ್ರಮದಲ್ಲಿ ಜಾಹೀರಾತುಗಳೂ ನೇರವಾಗಿಯೇ ನಡೆಯುತ್ತಿದ್ದು, ಬರೆದುಕೊಟ್ಟ ಮಾತನ್ನು ಬದಿಗಿಟ್ಟು ಅದನ್ನೊಂದು ಹಾಸ್ಯಪ್ರಸಂಗವಾಗಿ ಬೆಳೆಸುವ ಅವರ ಜಾಣ್ಮೆ ಇಂದಿನವರ ಕಣ್ಣಿಗೆ ಬೀಳುವುದು ಇಂಥ ದಾಖಲೆಗಳಲ್ಲಿ ಮಾತ್ರ. ಚಿತ್ರ ಮಬ್ಬಾಗಿದ್ದರೂ, ಅದರಲ್ಲಿ ಬೂದುಬಣ್ಣದ ಗೆರೆಗಳು ಕಂಡರೂ, ಆ ಫಿಲ್ಮುಗಳ ಬೆಲೆಯನ್ನು ಎಷ್ಟು ಹೇಳಿದರೂ ಕಡಿಮೆಯೇ. ದೂರವೆಂಬ ಅಡಚಣೆ ಇರದೇ ಹೋಗಿದ್ದರೆ ಆ ಕಾಲದ ಎಷ್ಟೋ ಪ್ರಸಾರಗಳ ಪ್ರತಿಯೇ ತಯಾರಾಗುತ್ತಿರಲಿಲ್ಲ.

ವಿಚಿತ್ರವೆಂದರೆ, ತಂತ್ರಜ್ಞಾನ ಸುಧಾರಿಸಿದಾಗ ನಷ್ಟ ಹೆಚ್ಚಿತು. ವಿಡಿಯೊ ಟೇಪು ಫಿಲ್ಮಿಗಿಂತ ಸ್ಪಷ್ಟವಾದ ಚಿತ್ರವನ್ನು ಹಿಡಿದಿಡಬಲ್ಲದಾದರೂ ಅದು ದುಬಾರಿಯಾಗಿತ್ತು, ಮೇಲಾಗಿ ಅಳಿಸಿ ಮತ್ತೆ ಬಳಸಲು ಬರುತ್ತಿತ್ತು. ಮರುಪ್ರಸಾರದ ಯೋಚನೆ ವಿರಳವಾಗಿದ್ದ ಆ ದಿನಗಳಲ್ಲಿ ಹಳೆಯ ಟೇಪಿನ ಮೇಲೆ ಹೊಸ ಕಾರ್ಯಕ್ರಮ ತುಂಬುವುದು ಮಿತವ್ಯಯದ ಕ್ರಮವೆನಿಸಿತ್ತು. ಗ್ರಾಮೀಣ ಬದುಕನ್ನು ಕುರಿತು 1967ರಿಂದ 1977ರವರೆಗೆ ಎಬಿಸಿಯಲ್ಲಿ ಬಂದ ‘ಬೆಲ್‌ಬರ್ಡ್’ ಧಾರಾವಾಹಿಯ 1,600ಕ್ಕೂ ಹೆಚ್ಚು ಕಂತುಗಳಲ್ಲಿ ಉಳಿದಿರುವುದು ಅತ್ಯಲ್ಪ ಭಾಗ. 1974ರಲ್ಲಿ ಆರಂಭವಾದ ‘ಕೌಂಟ್‌ಡೌನ್’ ಎಂಬ ಸಂಗೀತ ಕಾರ್ಯಕ್ರಮದ ಮೊದಲ ವರ್ಷಗಳ ಅನೇಕ ಕಂತುಗಳೂ ಹೀಗೆಯೇ ಅಳಿದವು. 1975ರ ಮಾರ್ಚ್ 1ರಂದು ವರ್ಣಪ್ರಸಾರ ಅಧಿಕೃತವಾಗಿ ಶುರುವಾಗಿದ್ದುದರಿಂದ, ಬಣ್ಣ ಕಂಡ ಮೊದಲ ದಿನಗಳ ಒಂದು ಪಾಲೂ ಇದರೊಂದಿಗೆ ಹೋಯಿತು.

ಅಳಿದುಳಿದದ್ದನ್ನು ಕಾಯುವ ಹೊಣೆಯನ್ನು ಮುಖ್ಯವಾಗಿ ಹೊತ್ತಿರುವುದು ಕ್ಯಾನ್‌ಬೆರಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯ. 1984ರಲ್ಲಿ ರಾಷ್ಟ್ರೀಯ ಗ್ರಂಥಾಲಯದಿಂದ ಬೇರ್ಪಟ್ಟ ಈ ಸಂಸ್ಥೆ, ಹಿಂದೆ ಅಂಗರಚನಾಶಾಸ್ತ್ರ ಸಂಸ್ಥೆಗಾಗಿ ಕಟ್ಟಿದ್ದ ಭವನದಲ್ಲಿದೆ. ಟೇಪನ್ನು ಉಳಿಸುವ ಕೆಲಸ ಕಪಾಟಿನಲ್ಲಿ ಜೋಡಿಸಿಟ್ಟರೆ ಮುಗಿಯುವಂಥದ್ದಲ್ಲ. ಟೇಪಿನ ಕಾಂತೀಯ ಪುಡಿಯನ್ನು ಹಿಡಿದಿಟ್ಟಿರುವ ಅಂಟು ಗಾಳಿಯ ತೇವವನ್ನು ಹೀರಿ ಜಿಗುಟಾದಾಗ, ಟೇಪು ಯಂತ್ರದ ಭಾಗಗಳಿಗೆ ಕಚ್ಚಿಕೊಂಡು ಚಿತ್ರದ ಪದರವೇ ಕಿತ್ತುಬರುತ್ತದೆ. ಆದ್ದರಿಂದ ಅಂಥದ್ದನ್ನು ಹದವಾದ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟು ತೇವವಾರಿಸಿ, ಅದು ಮತ್ತೆ ಕೆಡುವುದರೊಳಗೆ ಡಿಜಿಟಲ್ ರೂಪಕ್ಕೆ ವರ್ಗಾಯಿಸಿಕೊಳ್ಳಬೇಕಾಗುತ್ತದೆ. ಎರಡು ಇಂಚು ಅಗಲದ ಹಳೆಯ ಟೇಪುಗಳನ್ನು ಓಡಿಸುವ ಯಂತ್ರಗಳ ತಯಾರಿಕೆ ಎಂದೋ ನಿಂತಿದ್ದು, ಬಿಡಿಭಾಗಗಳೂ ಅವನ್ನು ರಿಪೇರಿ ಮಾಡಬಲ್ಲ ಕೈಗಳೂ ವಿರಳವಾಗಿವೆ. ಇದನ್ನೆಲ್ಲ ಮನಗಂಡ ಸಂಸ್ಥೆಯು 2015ರಲ್ಲಿ ‘ಡೆಡ್‌ಲೈನ್ 2025’ ಎಂಬ ವರದಿಯನ್ನು ಹೊರಡಿಸಿ, ಆ ವರ್ಷದೊಳಗೆ ಡಿಜಿಟಲ್ ಆಗದ ಟೇಪುಗಳು ಬಹುತೇಕ ಕೈತಪ್ಪಿದಂತೆಯೇ ಎಂದು ಎಚ್ಚರಿಸಿತ್ತು.

ಸಂಗ್ರಹಾಲಯಗಳು ಕಾರ್ಯಕ್ರಮಗಳನ್ನು ಉಳಿಸಿಕೊಂಡಾಗಲೂ, ಅವುಗಳ ನಡುವೆ ಬಂದ ಉದ್ಘೋಷಣೆ, ಕೇಂದ್ರದ ಲಾಂಛನ, ಸ್ಥಳೀಯ ಜಾಹೀರಾತು, ರಾತ್ರಿಯ ಪ್ರಸಾರದ ಮುಕ್ತಾಯ ಮುಂತಾದವು ಸುಲಭವಾಗಿ ಬಿಟ್ಟುಹೋಗುತ್ತವೆ. ಸಾಮಾನ್ಯ ನೋಡುಗರ ನೆನಪಿನಲ್ಲಿ ಗಟ್ಟಿಯಾಗಿ ನಿಂತಿರುವುದು ಹೆಚ್ಚಾಗಿ ಇವೇ. 1970ರ ದಶಕದ ಕೊನೆಯಿಂದ ಮನೆಗಳಿಗೆ ಬಂದ ವಿಸಿಆರ್ ಯಂತ್ರಗಳಲ್ಲಿ ಜನರು ತಮ್ಮ ಮೆಚ್ಚಿನ ಚಿತ್ರವನ್ನೋ ಕ್ರಿಕೆಟ್ ಪಂದ್ಯವನ್ನೋ ಮುದ್ರಿಸಿಕೊಳ್ಳುವಾಗ ಇವೂ ಜೊತೆಯಲ್ಲೇ ದಾಖಲಾದ ಕಾರಣ, ಅಟ್ಟದ ಮೇಲಿನ ಕ್ಯಾಸೆಟ್ಟುಗಳು ಈಗ ಪ್ರಸಾರ ಚರಿತ್ರೆಯ ಆಕರಗಳಾಗಿವೆ. ಸ್ಥಳೀಯ ಕೇಂದ್ರಗಳು ದೊಡ್ಡ ಜಾಲಗಳಲ್ಲಿ ಲೀನವಾಗಿ ತಮ್ಮ ಹೆಸರನ್ನೇ ಕಳೆದುಕೊಂಡಿರುವ ಪ್ರಾದೇಶಿಕ ಪಟ್ಟಣಗಳ ವಿಷಯದಲ್ಲಂತೂ, ಒಂದು ಊರಿನ ಟಿವಿ ಹೇಗಿತ್ತೆಂಬುದಕ್ಕೆ ಅಂಥ ಕ್ಯಾಸೆಟ್ಟಿನ ಹೊರತು ಬೇರೆ ಸಾಕ್ಷ್ಯ ದೊರೆಯದಿರುವ ಸಾಧ್ಯತೆಯೂ ಇದೆ.