ಬೆಟ್ಟ ಹತ್ತೋ ಮುಂಚೆ ಎಂಜಿನ್ ಬಿಸಿ ನೋಡಿ

ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ ದಾಟಿ ತಾಳಬೆಟ್ಟದವರೆಗೆ ಕಾರು ಸಲೀಸಾಗಿ ಓಡುತ್ತೆ. ಅಲ್ಲಿಂದ ಮುಂದೆ ಮಲೆ ಮಹದೇಶ್ವರ ಬೆಟ್ಟದ ತಿರುವು, ಏರು ಶುರು. ಯುಗಾದಿ ಜಾತ್ರೆ ಹೊತ್ತಲ್ಲಿ ಈ ದಾರೀಲಿ ಬಾನೆಟ್ ಎತ್ತಿ ನಿಂತ ಕಾರುಗಳನ್ನ ನಾನು ತುಂಬಾ ನೋಡಿದ್ದೀನಿ.

ಕಾರಣ ಸರಳ. ಏರಿನಲ್ಲಿ ಎಂಜಿನ್ ದುಡಿಮೆ ಜಾಸ್ತಿ, ವೇಗ ಕಮ್ಮಿ. ರೇಡಿಯೇಟರ್‌ಗೆ ಎದುರುಗಾಳಿ ಸಿಗಲ್ಲ, ಫ್ಯಾನ್ ಒಂದೇ ಎಲ್ಲ ಬಿಸಿಯನ್ನೂ ಹೊರಹಾಕಬೇಕು. ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹೊರಟರೂ ಇದೇ ಕಥೆ. ಅದು ಹುಲಿ ಕಾಡು, ಕಂಡಕಂಡಲ್ಲಿ ಇಳಿಯೋ ಹಾಗಿಲ್ಲ.

ಹಾಗಂತ ಎಂಜಿನ್ ತಣ್ಣಗಿದ್ದಷ್ಟೂ ಒಳ್ಳೇದಾ? ಇಲ್ಲ. ಹೆಚ್ಚಿನ ಕಾರುಗಳಿಗೆ ಸುಮಾರು 90 ಡಿಗ್ರಿ ಸೆಲ್ಸಿಯಸ್ ಹದವಾದ ಬಿಸಿ. ಅದಕ್ಕಿಂತ ತೀರಾ ಕಮ್ಮಿಯಾದ್ರೆ ಆಯಿಲ್ ಮಂದವಾಗಿರುತ್ತೆ, ಪೆಟ್ರೋಲ್ ಸರಿಯಾಗಿ ಉರಿಯಲ್ಲ, ಮೈಲೇಜ್ ಬೀಳುತ್ತೆ, ಸವೆತ ಹೆಚ್ಚುತ್ತೆ. ಈ ಹದ ಕಾಯೋದು ಥರ್ಮೋಸ್ಟಾಟ್. "ಸಾ, ನಮ್ ಬಿಸ್ಲಿಗೆ ಇದ್ಯಾಕೆ, ತೆಗ್ದಾಕ್ಬುಡ್ಲಾ?" ಅಂತ ನನ್ನ ಪರಿಚಯದ ಮೆಕ್ಯಾನಿಕ್ ಒಬ್ಬರು ಕೇಳಿದ್ರು. ಬೇಡ ಅಂದೆ. ಕೆಟ್ಟಿದ್ರೆ ಹೊಸದು ಹಾಕಿಸಿ, ತೆಗೆಸಬೇಡಿ.

ಬರೀ ನೀರು ತುಂಬಿಸೋದೂ ಬೇಡ. ನೀರು 100 ಡಿಗ್ರಿಗೆ ಕುದಿಯುತ್ತೆ, ಒಳಗೆ ತುಕ್ಕೂ ಹಿಡಿಸುತ್ತೆ. ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್ ಬೆರೆಸಿದ್ರೆ, ರೇಡಿಯೇಟರ್ ಮುಚ್ಚಳದ ಒತ್ತಡವೂ ಸೇರಿ, 120 ಡಿಗ್ರಿ ದಾಟಿದ ಮೇಲೇ ಕುದಿಯೋದು.

ಆ ಒತ್ತಡವೇ ಅಪಾಯ ಕೂಡ. ಬಿಸಿ ಎಂಜಿನ್‌ನ ಮುಚ್ಚಳ ತಿರುಗಿಸಿದ ಕೂಡಲೇ ಕುದಿಯೋ ನೀರು, ಹಬೆ ಚಿಮ್ಮಿ ಮುಖ, ಕೈ ಸುಡುತ್ತೆ. ಮಕ್ಕಳನ್ನ ಹತ್ತಿರ ಬಿಡಬೇಡಿ.

ಹೊರಡೋ ಮುಂಚೆ, ಎಂಜಿನ್ ತಣ್ಣಗಿದ್ದಾಗ, ಕೂಲೆಂಟ್ ಮಟ್ಟ ನೋಡಿ. ಫ್ಯಾನ್ ತಿರುಗುತ್ತಾ, ಹೋಸ್ ಸೋರುತ್ತಾ ಅಂತ ಗ್ಯಾರೇಜಲ್ಲಿ ಕೇಳಿ. ಏರಿನಲ್ಲಿ ಎಂಜಿನ್ ಮುಕ್ಕರಿಯೋಕೆ ಬಿಡದೆ ಗೇರ್ ಇಳಿಸಿ. ಮುಳ್ಳು ಮೇಲೇರಿದ್ರೆ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಹಾಕಿ. ಬೆವರು ಕಿತ್ಕೊಂಡು ಬಂದ್ರೂ ಎಂಜಿನ್ ಬಿಸಿ ಒಂದಷ್ಟು ಹೊರಬರುತ್ತೆ. ಎಷ್ಟೋ ಹೊಸ ಕಾರುಗಳಲ್ಲಿ ಮುಳ್ಳಿರಲ್ಲ, ಕೆಂಪು ದೀಪ ಮಾತ್ರ. ಅದು ಹತ್ತಿದ್ರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ. ಪೂರ್ತಿ ತಣ್ಣಗಾಗೋವರೆಗೂ ಕಾಯಿರಿ.

"ಇನ್ನೆರಡೇ ತಿರುವು" ಅಂತ ಓಡಿಸಿದ್ರೆ ಹೆಡ್ ಗ್ಯಾಸ್ಕೆಟ್ ಹೋಗಬಹುದು, ಎಂಜಿನ್ನೇ ಸೀಜ್ ಆಗಬಹುದು. ಮಾದಪ್ಪನ ದರ್ಶನ ಒಂದು ಗಂಟೆ ತಡವಾದ್ರೆ ಏನೂ ನಷ್ಟ ಇಲ್ಲ.