ಗೋಡೆಯಿಲ್ಲದ ಕೋಣೆಗಳು

ಬಿಸಿ ತಿಳಿಸಾರಿಗೆ ಒಗ್ಗರಣೆ ಬಿದ್ದರೆ ಮೇಲೆ ಎಣ್ಣೆಯ ಪುಟ್ಟ ಬೊಟ್ಟುಗಳು ತೇಲುತ್ತವೆ. ಸೌಟಾಡಿಸಿದರೆ ಒಡೆಯುತ್ತವೆ, ಸುಮ್ಮನೆ ಬಿಟ್ಟರೆ ಒಂದನ್ನೊಂದು ತಾಗಿ ಕೂಡಿಕೊಳ್ಳುತ್ತವೆ. ಹನಿಗೂ ಸಾರಿಗೂ ನಡುವೆ ಯಾವ ಗೋಡೆಯೂ ಇಲ್ಲ. ನಮ್ಮ ಜೀವಕೋಶಗಳ ಒಳಗೂ ಇಂಥ ಹನಿಗಳಿವೆ ಎಂಬ ಅರಿವು ಈಚಿನ ಕೋಶವಿಜ್ಞಾನದ ದಿಕ್ಕನ್ನೇ ಬದಲಿಸಿದೆ.

ಶಾಲೆಯ ಪುಸ್ತಕದ ಜೀವಕೋಶ ಅಚ್ಚುಕಟ್ಟಾದ ಮನೆ. ಕೋಶಕೇಂದ್ರಕ್ಕೆ ಒಂದು ಪೊರೆ, ಮೈಟೊಕಾಂಡ್ರಿಯಕ್ಕೆ ಇನ್ನೊಂದು. ಆದರೆ ಕೋಶಕೇಂದ್ರದೊಳಗಿನ ನ್ಯೂಕ್ಲಿಯೋಲಸ್‌ಗೆ ಪೊರೆಯೇ ಇಲ್ಲ. 1830ರ ದಶಕದಲ್ಲೇ ಸೂಕ್ಷ್ಮದರ್ಶಕಕ್ಕೆ ಕಂಡಿದ್ದ ಅದು ಚದುರಿಹೋಗದೆ ಒಂದೆಡೆ ನಿಲ್ಲುವುದಾದರೂ ಹೇಗೆ?

ಉತ್ತರದ ಎಳೆ ಸಿಕ್ಕಿದ್ದು ಒಂದು ಹುಳುವಿನ ಭ್ರೂಣದಲ್ಲಿ. ಜರ್ಮನಿಯ ಡ್ರೆಸ್ಡೆನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಕ್ಲಿಫ್ ಬ್ರಾಂಗ್ವಿನ್, ಟೋನಿ ಹೈಮನ್ ಮತ್ತು ಸಂಗಡಿಗರು ಸಿ. ಎಲಿಗನ್ಸ್ ಎಂಬ ಒಂದು ಮಿಲಿಮೀಟರ್ ಉದ್ದದ ಹುಳುವಿನ ‘ಪಿ ಕಣ’ಗಳನ್ನು ಗಮನಿಸುತ್ತಿದ್ದರು. ಮುಂದೆ ಅಂಡಾಣು, ವೀರ್ಯಾಣುಗಳಾಗುವ ಕೋಶಗಳ ಪಾಲಿಗೆ ಬರುವ ಕಣಗಳಿವು. ಗಟ್ಟಿ ಕಾಳುಗಳೆಂದು ಭಾವಿಸಿದ್ದ ಅವು ಕೋಶಕೇಂದ್ರದ ಮೈಮೇಲೆ ತೊಟ್ಟಿಕ್ಕಿದವು, ಹರಿದವು, ಎರಡು ಸೇರಿ ಒಂದಾದವು. ಭ್ರೂಣದ ಒಂದು ತುದಿಯಲ್ಲಿ ಕರಗಿ, ಇನ್ನೊಂದು ತುದಿಯಲ್ಲಿ ಇಬ್ಬನಿಯಂತೆ ಮತ್ತೆ ಹನಿಗಟ್ಟಿದವು. 2009ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಎರಡು ವರ್ಷಗಳ ಬಳಿಕ ಕಪ್ಪೆಯ ಅಂಡಕೋಶದ ನ್ಯೂಕ್ಲಿಯೋಲಸ್ ಕೂಡ ದ್ರವದ ಹನಿಯಂತೆಯೇ ವರ್ತಿಸುತ್ತದೆ ಎಂದು ಗೊತ್ತಾಯಿತು.

ಹನಿಯನ್ನು ಹಿಡಿದಿಡುವುದು ಪ್ರೋಟೀನ್ ಮತ್ತು ಆರ್‌ಎನ್‌ಎಗಳ ನಡುವಿನ ಸಡಿಲ ನಂಟುಗಳು. ಕೋಲಾಟದಲ್ಲಿ ಜೋಡಿಗಳು ಗಳಿಗೆಗೊಮ್ಮೆ ಬದಲಾದರೂ ಸುತ್ತು ಮುರಿಯುವುದಿಲ್ಲ, ಇಲ್ಲಿಯೂ ಹಾಗೆಯೇ. ಒಂದೊಂದು ಹಿಡಿತವೂ ದುರ್ಬಲ, ಹಿಡಿತಗಳು ಮಾತ್ರ ನೂರಾರು. ಹೀಗಾಗಿ ಒಟ್ಟಿಗೆ ದುಡಿಯಬೇಕಾದ ಅಣುಗಳು ಒಂದೆಡೆ ದಟ್ಟವಾಗಿ ನೆರೆಯುತ್ತವೆ, ಕೆಲಸ ಮುಗಿದರೆ ಚದುರುತ್ತವೆ.

ತೊಂದರೆ ಶುರುವಾಗುವುದು ಚದುರದೇ ಹೋದಾಗ. ಎಎಲ್‌ಎಸ್ ಎಂಬ ಕಾಯಿಲೆಯಲ್ಲಿ ಸ್ನಾಯುಗಳನ್ನು ಆಡಿಸುವ ನರಕೋಶಗಳು ಸಾಯುತ್ತವೆ. ಅದಕ್ಕೆ ನಂಟಿರುವ ‘ಎಫ್‌ಯುಎಸ್’ ಪ್ರೋಟೀನಿನ ಹನಿಗಳನ್ನು ಹೈಮನ್ ತಂಡ 2015ರಲ್ಲಿ ಪ್ರಯೋಗಾಲಯದಲ್ಲಿ ಪರೀಕ್ಷಿಸಿತು. ಜೇನುತುಪ್ಪ ಹರಳುಗಟ್ಟುವಂತೆ ಅವು ಗಂಟೆಗಳು ಕಳೆದಂತೆ ಬಿಗಿದು ನಾರಾದವು. ರೋಗಿಗಳಲ್ಲಿ ಕಾಣುವ ರೂಪಾಂತರವಿದ್ದಾಗ ಇನ್ನೂ ಬೇಗ. ಪಾರ್ಕಿನ್ಸನ್ ಕಾಯಿಲೆಗೆ ನಂಟಿರುವ ಆಲ್ಫಾ-ಸೈನ್ಯೂಕ್ಲಿನ್ ಪ್ರೋಟೀನ್ ಕೂಡ ಮೊದಲು ಹನಿಯಾಗಿ, ದಿನ ಕಳೆದಂತೆ ಗಟ್ಟಿಯಾಗುತ್ತದೆ ಎಂದು 2020ರಲ್ಲಿ ತೋರಿಸಿದ್ದು ಐಐಟಿ ಬಾಂಬೆಯ ಸಮೀರ್ ಮಾಜಿ ಅವರ ತಂಡ.

ಕೋಶದ ಬಳಿ ಇದಕ್ಕೊಂದು ಕಾವಲೂ ಇರುವಂತಿದೆ. ಶಕ್ತಿಯ ನಾಣ್ಯವೆಂದೇ ಹೆಸರಾದ ಎಟಿಪಿ ಅಣು, ಕಿಣ್ವಗಳಿಗೆ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಪ್ರಮಾಣದಲ್ಲಿ ಕೋಶದಲ್ಲಿರುತ್ತದೆ. ಅಷ್ಟು ಎಟಿಪಿ ಪ್ರೋಟೀನುಗಳನ್ನು ಗಂಟುಕಟ್ಟದಂತೆ ಕರಗಿಸಿಡಬಲ್ಲದು ಎಂದು 2017ರ ಪ್ರಯೋಗಗಳು ಹೇಳಿದವು.

ಎಲ್ಲರೂ ಈ ಹನಿಗಳ ವಾದವನ್ನು ಕಣ್ಣುಮುಚ್ಚಿ ಒಪ್ಪಿಲ್ಲ. ಪ್ರನಾಳದಲ್ಲಿ ಪ್ರೋಟೀನನ್ನು ದಟ್ಟವಾಗಿ ತುಂಬಿದರೆ ಹನಿ ಮೂಡೀತು. ಜೀವಂತ ಕೋಶದಲ್ಲಿ, ಅದರ ಸಹಜ ಪ್ರಮಾಣದಲ್ಲಿ ಹಾಗಾಗುತ್ತದೆಯೇ? ಸೂಕ್ಷ್ಮದರ್ಶಕದಡಿ ಹೊಳೆಯುವ ಪ್ರತಿ ಚುಕ್ಕೆಯೂ ದ್ರವವೇ? ಈ ತಕರಾರುಗಳಿಂದ ಪ್ರಯೋಗಗಳು ಹರಿತವಾಗಿವೆ.

ಚಿಕಿತ್ಸೆಯ ಲೆಕ್ಕಾಚಾರವೂ ಬದಲಾಗುತ್ತಿದೆ. ಹಳೆಯ ಕ್ಯಾನ್ಸರ್ ಔಷಧ ಸಿಸ್‌ಪ್ಲಾಟಿನ್ ಕೋಶಕೇಂದ್ರದ ಕೆಲವು ಪ್ರೋಟೀನ್ ಹನಿಗಳಲ್ಲಿ ತಾನಾಗಿ ಶೇಖರವಾಗುವುದನ್ನು ಅಮೆರಿಕದ ವೈಟ್‌ಹೆಡ್ ಸಂಸ್ಥೆಯ ರಿಚರ್ಡ್ ಯಂಗ್ ತಂಡ 2020ರಲ್ಲಿ ಕಂಡಿತು. ಔಷಧ ಕೋಶವನ್ನು ಹೊಕ್ಕಿತೇ ಎಂದು ಕೇಳುತ್ತಿದ್ದವರು ಈಗ ಯಾವ ಹನಿಯನ್ನು ಹೊಕ್ಕಿತು ಎಂದೂ ಕೇಳತೊಡಗಿದ್ದಾರೆ.