ಸತ್ಯದ ಮುಂದೆ ಇಬ್ಬರು ಶಿಷ್ಯರು

ಸತ್ಯವೆಂದರೇನು? ಆಡಿದ ಮಾತು ಇರುವ ಸಂಗತಿಗೆ ಹೊಂದಿದರೆ ಅದು ಸತ್ಯ ಎಂಬುದು ನಮ್ಮೆಲ್ಲರ ಉತ್ತರ. ಜರ್ಮನಿಯ ದಾರ್ಶನಿಕ ಮಾರ್ಟಿನ್ ಹೈಡೆಗರ್ ಇಷ್ಟಕ್ಕೆ ತೃಪ್ತನಾಗಲಿಲ್ಲ. ಸಂಗತಿಯೇ ಮೊದಲು ತೆರೆದುಕೊಂಡು ಕಾಣಿಸಿಕೊಳ್ಳದಿದ್ದರೆ ಮಾತು ಹೊಂದುವುದಾದರೂ ಯಾವುದಕ್ಕೆ? ಗ್ರೀಕರ 'ಅಲೆಥೇಯಾ' ಎಂಬ ಪದವನ್ನು ಅವನು 'ಮರೆಯಿಂದ ಹೊರಬಂದದ್ದು' ಎಂದು ಬಿಡಿಸಿದ. 1930ರಲ್ಲಿ ನೀಡಿ 1943ರಲ್ಲಿ ಪ್ರಕಟಿಸಿದ ಉಪನ್ಯಾಸದಲ್ಲಿ, ಸತ್ಯದ ಸಾರವೇ ಸ್ವಾತಂತ್ರ್ಯ ಎಂದು ಸಾರಿದ. ಇದು ಮನಬಂದಂತೆ ನಡೆಯುವ ಸ್ವಾತಂತ್ರ್ಯವಲ್ಲ. ಇರುವುದನ್ನು ಅದಿರುವಂತೆಯೇ ಇರಗೊಡುವ ಸ್ವಾತಂತ್ರ್ಯ.

ಈ ವಿಚಾರವನ್ನು ಮೊದಲ ಬಾರಿ ಓದಿದಾಗ ನಾನು ಬೆರಗಾಗಿದ್ದೆ. ಅವನ ಬದುಕನ್ನು ಓದಿದಾಗ ಆ ಬೆರಗು ಕಹಿಯಾಯಿತು. 1933ರಲ್ಲಿ ಫ್ರೈಬುರ್ಗ್ ವಿಶ್ವವಿದ್ಯಾಲಯದ ಮುಖ್ಯಸ್ಥನಾದ ಹೈಡೆಗರ್ ನಾಜಿ ಪಕ್ಷವನ್ನೂ ಸೇರಿದ. 1927ರ ತನ್ನ ಮೇರುಕೃತಿ 'ಇರವು ಮತ್ತು ಕಾಲ'ವನ್ನು ಅವನು ಯೆಹೂದಿ ಮೂಲದ ಗುರು ಎಡ್ಮಂಡ್ ಹುಸರ್ಲ್‌ಗೆ ಅರ್ಪಿಸಿದ್ದ. 1941ರ ಮುದ್ರಣದಲ್ಲಿ ಆ ಅರ್ಪಣೆಯ ಪುಟವಿರಲಿಲ್ಲ. ಮರೆಯಿಂದ ಹೊರಬರುವುದೇ ಸತ್ಯವೆಂದವನು ಗುರುವಿನ ಹೆಸರು ಮರೆಗೆ ಸರಿಯಲು ಒಪ್ಪಿದ.

ಅದೇ 1933ರಲ್ಲಿ ಫ್ರೈಬುರ್ಗ್‌ನಲ್ಲಿ ಈ ಇಬ್ಬರಿಂದಲೂ ಕಲಿತ ಜೆಕ್ ತರುಣನೊಬ್ಬನಿದ್ದ, ಯಾನ್ ಪಾಟೊಚ್ಕಾ. ಕಮ್ಯುನಿಸ್ಟ್ ಆಡಳಿತ ಅವನನ್ನು ಬಹುಕಾಲ ವಿಶ್ವವಿದ್ಯಾಲಯದಿಂದ ಹೊರಗಿಟ್ಟಿತು. 1977ರ ಜನವರಿಯಲ್ಲಿ, ಅರವತ್ತೊಂಬತ್ತರ ವಯಸ್ಸಿನಲ್ಲಿ, ಅವನು ನಾಟಕಕಾರ ವಾಕ್ಲಾವ್ ಹಾವೆಲ್ ಮೊದಲಾದವರೊಡನೆ 'ಚಾರ್ಟರ್ 77'ರ ವಕ್ತಾರನಾಗಿ ನಿಂತ. ಪೊಲೀಸರ ಸುದೀರ್ಘ ವಿಚಾರಣೆಗಳಿಂದ ಬಳಲಿ, ಮಾರ್ಚ್ 13ರಂದು ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡ.

ಆ ಚಾರ್ಟರ್ ಕೇಳಿದ್ದು ಹೊಸದೇನನ್ನೂ ಅಲ್ಲ. ಮಾನವ ಹಕ್ಕುಗಳ ಒಪ್ಪಂದಗಳಿಗೆ ಸರ್ಕಾರವೇ ಸಹಿ ಹಾಕಿತ್ತು. ಬರೆದದ್ದಕ್ಕೂ ನಡೆಯುತ್ತಿರುವುದಕ್ಕೂ ಹೊಂದಿಕೆಯಿಲ್ಲವೆಂದು ಅದು ತೋರಿಸಿತು, ಅಷ್ಟೇ. ನಮ್ಮ ಸರಳ ಉತ್ತರದ ಸತ್ಯವೇ ಅಲ್ಲಿ ಪಣವಾಗಿತ್ತು. ಆದರೆ ಮಾತನ್ನೂ ಸಂಗತಿಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಲು ಯಾರಾದರೂ ಭಯ ಬಿಟ್ಟು ನಿಲ್ಲಬೇಕಿತ್ತು. ಸ್ವಾತಂತ್ರ್ಯವಿಲ್ಲದೆ ಸತ್ಯವಿಲ್ಲ ಎಂಬ ಹೈಡೆಗರ್‌ನ ಸೂತ್ರ ನನಗೆ ಅರ್ಥವಾದದ್ದು ಅವನ ಬದುಕಿನಿಂದಲ್ಲ, ಪಾಟೊಚ್ಕಾನ ಸಾವಿನಿಂದ. ಹೈಡೆಗರ್ ಎಡವಿದನೆಂದು ಆ ಸೂತ್ರ ಸುಳ್ಳಾಗುವುದಿಲ್ಲ. ಆದರೆ ಸೂತ್ರವನ್ನು ಬಲ್ಲವನನ್ನು ಅದು ತಾನಾಗಿಯೇ ಕಾಯುವುದೂ ಇಲ್ಲ.

ಸತ್ಯಕ್ಕೆ ನಾವು ಬಳಸುವ 'ನಿಜ' ಎಂಬ ಪದಕ್ಕೆ ಮೂಲದಲ್ಲಿ 'ತನ್ನದು' ಎಂಬ ಅರ್ಥವಿದೆ. ತಿಳಿದ ಸತ್ಯವನ್ನು ತನ್ನದಾಗಿಸಿಕೊಳ್ಳಲು ತೆರಬೇಕಾದ ಬೆಲೆಯನ್ನು ಆ ಇಬ್ಬರು ಶಿಷ್ಯರಲ್ಲಿ ಒಬ್ಬ ಮಾತ್ರ ತೆತ್ತ.